ಪಾಸ್‌ಬುಕ್ಕಿನ ಚಿಲ್ಲರೆ ಕಡಿತಗಳು: 17.70, 236, 295, 436... ಯಾವುದು ಯಾತಕ್ಕೆ ಹೋಯ್ತು?

ತಟ್ಟೆಇಡ್ಲಿ_ತುಮಕೂರು (ಪ್ರಶ್ನೆ)

ಅಮ್ಮನ ಉಳಿತಾಯ ಖಾತೆಗೆ ಬಹಳ ದಿನದ ಮೇಲೆ ಎಂಟ್ರಿ ಹಾಕಿಸಿದೆವು. ಗೃಹಲಕ್ಷ್ಮಿಯ 2,000 ಬರೋದು ಇದೇ ಖಾತೆಗೆ. ಬಂದ ವಾರದಲ್ಲೇ ತೆಗೆದುಬಿಡ್ತಾರೆ, ಉಳಿಯೋದು ನೂರಿನ್ನೂರು ಅಷ್ಟೇ. ಈಗ ನೋಡಿದರೆ ಕಳೆದ ವರ್ಷದ ಮಾರ್ಚ್‌ನಿಂದ ಈಚೆಗೆ ಇಷ್ಟು ಕಟ್ ಆಗಿದೆ:

17.70 (ನಾಲ್ಕು ಸಲ)
114.00 (ಮಾರ್ಚ್)
436.00 (ಮೇ ಕೊನೆ)
20.00 (ಮೇ ಕೊನೆ)
236.00 (ಒಂದು ಸಲ)
295.00 (ಒಂದೇ ತಿಂಗಳಲ್ಲಿ ಎರಡು ಸಲ)
27.14 (ಒಂದು ಸಲ)
23.60 (ಒಂದು ಸಲ)

ಒಟ್ಟು 1,517 ರೂಪಾಯಿ 54 ಪೈಸೆ. ಕೌಂಟರ್‌ನಲ್ಲಿ ಕೇಳಿದರೆ "ಸಿಸ್ಟಮ್ಮೇ ಕಟ್ ಮಾಡುತ್ತೆ, ನಮ್ಮ ಕೈಲಿಲ್ಲ" ಅಂದರು. ಮುದ್ರಣ ಮಸುಕು, ಪಕ್ಕದಲ್ಲಿರೋ ಅಕ್ಷರ ಅರ್ಧಂಬರ್ಧ. ಯಾವುದು ನ್ಯಾಯವಾದ ಕಡಿತ, ಯಾವುದನ್ನು ನಿಲ್ಲಿಸಬಹುದು, ಯಾವುದಾದರೂ ವಾಪಸ್ ಬರುತ್ತಾ? ಅಮ್ಮನಿಗೆ ವಯಸ್ಸು 48. ಬೇರೆ ಸಾಲ ಇಲ್ಲ, ಕಂತಿನಲ್ಲಿ ತಗೊಂಡ ಫ್ರಿಜ್ ಒಂದಿದೆ, ತಿಂಗಳಿಗೆ 1,150, ಪ್ರತಿ 5ನೇ ತಾರೀಕು.

---

ಕೂಡಿಸಿಕಳೆ

ಪಕ್ಕದ ಅಕ್ಷರ ಕಾಣದಿದ್ದರೂ ಪರವಾಗಿಲ್ಲ, ಅಂಕಿಯೇ ಬಾಯಿ ಬಿಡುತ್ತೆ. ಕ್ಯಾಲ್ಕುಲೇಟರ್ ತಗೊಂಡು ಪ್ರತಿ ಮೊತ್ತವನ್ನೂ 1.18ರಿಂದ ಭಾಗಿಸಿ. ಬ್ಯಾಂಕಿನ ಶುಲ್ಕಕ್ಕೆ ಶೇ. 18 ಜಿಎಸ್‌ಟಿ ಸೇರುತ್ತೆ. ಹಾಗಾಗಿ ಭಾಗಿಸಿದಾಗ ಪೈಸೆ ಉಳಿಯದೆ ಪೂರ್ತಿ ರೂಪಾಯಿ ಬಂದರೆ ಅದು ಹೆಚ್ಚುಕಮ್ಮಿ ಬ್ಯಾಂಕ್ ಶುಲ್ಕ. ಬರದಿದ್ದರೆ ಅದು ಬಹುಮಟ್ಟಿಗೆ ಶುಲ್ಕವಲ್ಲ. ವಿಮೆ, ಕಂತು, ಚಂದಾ, ಯಾರೋ ತೆಗೆದ ಹಣ, ಇಂಥದ್ದೇನೋ ಇರಬೇಕು.

ನಿಮ್ಮ ಪಟ್ಟಿ ಹೀಗೆ ಬಿಡಿಸಿಕೊಳ್ಳುತ್ತೆ:

17.70 ಅಂದರೆ 15. ಎಸ್‌ಎಂಎಸ್ ಶುಲ್ಕ, ಮೂರು ತಿಂಗಳಿಗೊಮ್ಮೆ. ನಾಲ್ಕು ಸಲ ಬಂದಿರೋದರಿಂದ ವರ್ಷದ ಲೆಕ್ಕ ಸರಿಹೋಯ್ತು.
236 ಅಂದರೆ 200. ಎಟಿಎಂ ಕಾರ್ಡಿನ ವಾರ್ಷಿಕ ಶುಲ್ಕ. ಕಾರ್ಡಿನ ದರ್ಜೆ ಮೇಲೆ ಇದೇ ಜಾಗದಲ್ಲಿ 147.50 (125), 206.50 (175) ಕೂಡ ಕಾಣಿಸಬಹುದು.
295 ಅಂದರೆ 250. ಮ್ಯಾಂಡೇಟ್ (ಕಂತನ್ನು ಖಾತೆಯಿಂದ ತಾನಾಗಿ ಎಳೆದುಕೊಳ್ಳೋಕೆ ಕೊಟ್ಟ ಒಪ್ಪಿಗೆ) ಹಣವಿಲ್ಲದೆ ವಾಪಸಾದ ದಂಡ. ಇದು ಫ್ರಿಜ್ಜಿನ ಕಂತಿನದೇ ಇರಬೇಕು.
27.14 ಅಂದರೆ 23. ಎಟಿಎಂ ಉಚಿತ ಮಿತಿ ಮೀರಿದ್ದಕ್ಕೆ. 2025ರ ಮೇ 1ಕ್ಕಿಂತ ಮುಂಚಿನ ಹಾಳೆ ನೋಡಿದರೆ ಇದೇ ಶುಲ್ಕ 24.78 ಅಂತ ಇರುತ್ತೆ, ಆಗ ಮೂಲ ದರ 21 ಇತ್ತು.
23.60 ಅಂದರೆ 20. ಖಾತೆಯಲ್ಲಿ ಇಲ್ಲದಷ್ಟು ಹಣ ಎಟಿಎಂನಲ್ಲಿ ಕೇಳಿದ್ದಕ್ಕೆ.

436, 114, 20 ಇವು ಮೂರೂ ಭಾಗವಾಗಲ್ಲ. 436ನ್ನು ಭಾಗಿಸಿದರೆ 369.49 ಬರುತ್ತೆ, ಅಂಥ ಶುಲ್ಕ ಯಾವ ಬ್ಯಾಂಕಿನ ದರಪಟ್ಟಿಯಲ್ಲೂ ಇರಲ್ಲ. ಇವು ವಿಮೆಯ ಕಂತು.

ಹಾಗಾಗಿ ನಿಮ್ಮ 1,517.54ರಲ್ಲಿ 570 ವಿಮೆಗೆ, 803 ಬ್ಯಾಂಕಿಗೆ, 144.54 ತೆರಿಗೆಗೆ. ಬ್ಯಾಂಕಿಗೆ ಹೋದ 803ರಲ್ಲಿ 500 ಬರೀ ಆ ಎರಡು ದಂಡದ್ದು. ತಲೆ ಕೆಡಿಸಿಕೊಳ್ಳಬೇಕಾದ್ದು ಅಲ್ಲಿ, 17.70ರ ಹತ್ತಿರ ಅಲ್ಲ.

ಕೆಲವು ಬ್ಯಾಂಕುಗಳು ಶುಲ್ಕ ಬೇರೆ, ತೆರಿಗೆ ಬೇರೆ ಸಾಲಿನಲ್ಲಿ ಹಾಕ್ತವೆ. 15.00 ಒಂದು ಸಾಲು, ಅದರ ಕೆಳಗೆ 1.35, ಮತ್ತೆ 1.35. ಅವು ಕೇಂದ್ರದ ಶೇ. 9, ರಾಜ್ಯದ ಶೇ. 9. ಅದನ್ನು ನೋಡಿ ಮೂರು ಸಲ ಕಟ್ ಮಾಡಿದ್ದಾರೆ ಅಂತ ಜಗಳಕ್ಕೆ ಹೋಗಬೇಡಿ. ಇನ್ನೊಂದು ಗುರುತು: 50ರ ಲೆಕ್ಕದ ಯಾವ ಶುಲ್ಕಕ್ಕೆ ತೆರಿಗೆ ಸೇರಿಸಿದರೂ 59ರ ಮಗ್ಗಿಯೇ ಬರುತ್ತೆ. 59, 118, 177, 236, 295, 354, 590. ಇವು ಕಂಡರೆ ಕ್ಯಾಲ್ಕುಲೇಟರ್ ಕೂಡ ಬೇಡ.

---

ಖಾಲಿಜೇಬು

ಇದಕ್ಕೊಂದು ಉಪ್ಪಿನಕಾಯಿ ನನ್ನದು. ದೊಡ್ಡ ಬ್ಯಾಂಕುಗಳು ಉಳಿತಾಯ ಖಾತೆಗೆ ಈಗ ಕೊಡೋ ಬಡ್ಡಿ ಶೇ. 2.5ರ ಆಸುಪಾಸು. ಖಾತೆಯಲ್ಲಿ ವರ್ಷಪೂರ್ತಿ 2,000 ಇಟ್ಟರೆ ಮೂರು ತಿಂಗಳಿಗೆ ಬಡ್ಡಿ 12.50. ಅದು ಬಂತು ಅಂತ ತಿಳಿಸೋ ಎಸ್‌ಎಂಎಸ್‌ಗೆ 17.70. ಬಡ್ಡಿಯಲ್ಲೇ ಎಸ್‌ಎಂಎಸ್ ಖರ್ಚು ಹುಟ್ಟಬೇಕು ಅಂದರೆ 2,832 ರೂಪಾಯಿ ಅಲ್ಲಾಡದೆ ಕೂತಿರಬೇಕು.

---

ಕಡಲಕರೆ

436 ಮತ್ತು 20ರ ವಿಷಯ ಹೇಳ್ತೇನೆ. ಇದು ಬ್ಯಾಂಕ್ ತಿಂದದ್ದು ಅಲ್ಲ ಮಾರಾಯ್ರೆ, ಪಾಪ ಬ್ಯಾಂಕಿಗೆ ಸುಮ್ಮನೆ ಬೈಬೇಡಿ.

436 ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ ಯೋಜನೆಯದ್ದು. ಯಾವ ಕಾರಣಕ್ಕೆ ಸತ್ತರೂ ನಾಮಿನಿಗೆ 2 ಲಕ್ಷ. ಸೇರ್ಲಿಕ್ಕೆ ವಯಸ್ಸು 18ರಿಂದ 50, ಒಮ್ಮೆ ಸೇರಿದರೆ 55ರವರೆಗೆ ಮುಂದುವರಿಸ್ಲಿಕ್ಕೆ ಆಗ್ತದೆ. 20 ರೂಪಾಯಿಯದ್ದು ಸುರಕ್ಷಾ ಬಿಮಾ. ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ, ವಯಸ್ಸು 18ರಿಂದ 70. ಎರಡಕ್ಕೂ ವರ್ಷ ಅಂದರೆ ಜೂನ್ 1ರಿಂದ ಮೇ 31. ಹಾಗಾಗಿ ಮೇ ಕೊನೆಯ ವಾರ ಎಲ್ಲರ ಖಾತೆಯಿಂದಲೂ ಒಟ್ಟಿಗೆ ಹೋಗುದು. 2022ರ ಜೂನ್‌ಗಿಂತ ಮೊದಲು ಇದೇ 330 ಮತ್ತು 12 ಇತ್ತು, ಹಳೆ ಪಾಸ್‌ಬುಕ್ ಇದ್ದರೆ ನೋಡಿ.

ಮಾರ್ಚಿನ 114 ಎಂತ ಅಂದರೆ, ನಿಮ್ಮ ಅಮ್ಮ ಜೀವನ್ ಜ್ಯೋತಿಗೆ ಸೇರಿದ್ದು ಆಗಲೇ. ವರ್ಷದ ನಡುವೆ ಸೇರಿದವರಿಗೆ ಮೊದಲ ಕಂತಿನಲ್ಲಿ ರಿಯಾಯಿತಿ ಉಂಟು. ಜೂನ್‌ನಿಂದ ಆಗಸ್ಟ್ ಒಳಗೆ ಸೇರಿದರೆ 436, ಸೆಪ್ಟೆಂಬರ್‌ನಿಂದ ನವೆಂಬರ್ 342, ಡಿಸೆಂಬರ್‌ನಿಂದ ಫೆಬ್ರವರಿ 228, ಮಾರ್ಚ್‌ನಿಂದ ಮೇ 114. ಮಾರ್ಚಿನಲ್ಲಿ "ಬರೀ 114 ಅಮ್ಮಾ, ಇಲ್ಲಿ ಒಂದು ಸೈನ್ ಹಾಕಿ" ಅಂತ ಹೇಳಿರ್ತಾರೆ, ಎರಡೇ ತಿಂಗಳಲ್ಲಿ 436 ಹೋಗ್ತದೆ ಅಂತ ಹೇಳಿರುದಿಲ್ಲ. ಮಾರ್ಚ್ ಅಂದರೆ ಶಾಖೆಗಳಿಗೆ ಗುರಿ ಮುಟ್ಟಿಸುವ ತಿಂಗಳು. 20 ರೂಪಾಯಿಯದ್ದಕ್ಕೆ ಆ ರಿಯಾಯಿತಿ ಇಲ್ಲ, ಮೇ ತಿಂಗಳಲ್ಲಿ ಸೇರಿದರೂ ಪೂರ್ತಿ 20 ಕೊಟ್ಟು, ತಿಂಗಳ ಕೊನೆಗೆ ಪುನಃ 20 ಕೊಡ್ಬೇಕು.

ನಿಲ್ಲಿಸ್ಬೇಕಾ ಎಂಬುದು ಬೇರೆ ಮಾತು. 48 ವಯಸ್ಸಿಗೆ 436ಕ್ಕೆ 2 ಲಕ್ಷದ ಜೀವವಿಮೆ ಹೊರಗೆ ಎಲ್ಲೂ ಸಿಗ್ಲಿಕ್ಕಿಲ್ಲ. ನಾನಾದರೆ ನಿಲ್ಲಿಸುದಿಲ್ಲ. ಆದರೆ ಮೂರು ವಿಷಯ ನೋಡಿಕೊಳ್ಳಿ.

ಒಂದು, ನಾಮಿನಿ ಹೆಸರು ಯಾರದ್ದು ಉಂಟು ಅಂತ ಕೇಳಿ. ಖಾತೆಯ ನಾಮಿನಿ ಬೇರೆ, ಈ ವಿಮೆಯ ಅರ್ಜಿಯಲ್ಲಿ ಬರೆದ ನಾಮಿನಿ ಬೇರೆ. ಸೇರಿದ ಪತ್ರದ ಪ್ರತಿ ಕೇಳಿ ಪಡೆಯಿರಿ. ಕ್ಲೇಮಿನ ದಿನ ಮನೆಯವರಿಗೆ ವಿಮೆ ಇದ್ದದ್ದೇ ಗೊತ್ತಿರುದಿಲ್ಲ, ಹೆಚ್ಚಿನ ಹಣ ಹಾಗೆಯೇ ಹೋಗುದು.

ಎರಡು, ಅಮ್ಮನಿಗೆ ಬೇರೆ ಬ್ಯಾಂಕಿನಲ್ಲೂ ಖಾತೆ ಇದ್ದರೆ ಅಲ್ಲಿಯೂ 436 ಹೋಗ್ತಾ ಉಂಟಾ ನೋಡಿ. ಎರಡು ಕಡೆ ಕಟ್ಟಿದರೂ ಸಿಗುದು ಒಂದೇ 2 ಲಕ್ಷ. ಇನ್ನೊಂದರ ಕಂತು ಸುಮ್ಮನೆ ನೀರಿಗೆ ಹಾಕಿದ ಹಾಗೆ. ಒಂದನ್ನು ನಿಲ್ಲಿಸಿ.

ಮೂರು, ಮೇ 25ರ ಹೊತ್ತಿಗೆ ಖಾತೆಯಲ್ಲಿ 456 ಇರ್ಬೇಕು. ಇಲ್ಲದಿದ್ದರೆ ವಿಮೆ ನಿಲ್ತದೆ. ಪುನಃ ಸೇರಿದರೆ ಮೊದಲ 30 ದಿನ ಅಪಘಾತದ ಸಾವು ಬಿಟ್ಟು ಬೇರೆ ಸಾವಿಗೆ ಹಣ ಇಲ್ಲ. ಬಂದ 2,000ವನ್ನು ಪೂರ್ತಿ ತೆಗೆಯುವ ನಿಮ್ಮಂಥ ಮನೆಗೆ ಇದೇ ದೊಡ್ಡ ಅಪಾಯ.

ಅಮ್ಮ ಸಹಿಯೇ ಹಾಕಿಲ್ಲ ಅಂತಾದರೆ ಮಾತ್ರ ಬೇರೆ ಕಥೆ. ಆಗ ಒಪ್ಪಿಗೆ ಪತ್ರದ ಪ್ರತಿ ಕೊಡಿ, ಇಲ್ಲವಾದರೆ ಹಣ ಹಿಂದೆ ಹಾಕಿ ಅಂತ ಬರೆದು ಕೊಡಿ. ಪ್ರತಿ ಇಲ್ಲದೆ ಅವರಿಗೆ ಉತ್ತರ ಕೊಡ್ಲಿಕ್ಕೆ ಆಗುದಿಲ್ಲ.

---

ಖಡಕ್‌ರೊಟ್ಟಿ

295ರದ್ದು ನಾ ಹೇಳ್ತೀನಿ ಕೇಳ್ರಿ. ಫ್ರಿಜ್ ಕೊಡಿಸೋ ಮುಂದ ಸಾಲದ ಕಂಪನಿಯವ್ರು ಬ್ಯಾಂಕಿಗೆ ಒಂದು ಮ್ಯಾಂಡೇಟ್ ಹಾಕಿರ್ತಾರ. ಅಂದ್ರ ಪ್ರತಿ 5ಕ್ಕ ಈ ಖಾತೆಯಿಂದ 1,150 ಎಳಕೋಬಹುದು ಅಂತ ನಿಮ್ಮವ್ವಾರು ಕೊಟ್ಟ ಒಪ್ಪಿಗಿ. ಅವತ್ತು ಖಾತೆದಾಗ ರೊಕ್ಕ ಇರಲಿಲ್ಲ ಅಂದ್ರ ಅದು ವಾಪಸ್ ಹೋಗತೈತಿ, ಬ್ಯಾಂಕು 295 ಬರಕೋತೈತಿ. ಮುಂದ ಮೂರ್ನಾಲ್ಕು ದಿನ ಬಿಟ್ಟು ಕಂಪನಿಯವ್ರು ಮತ್ತ ಕಳಿಸ್ತಾರ. ಮತ್ತ ಇಲ್ಲ, ಮತ್ತ 295. ಒಂದ ತಿಂಗಳದಾಗ ಎರಡು ಬಂದಿದ್ದು ಹಿಂಗ. ಇದರ ಜೊತಿಗೆ ಸಾಲದ ಕಂಪನಿಯವ್ರೂ ತಮ್ಮ ಲೆಕ್ಕದಾಗ ಬೌನ್ಸ್ ಚಾರ್ಜ್ ಅಂತ ಬ್ಯಾರೆ ಹಾಕಿರ್ತಾರ, ಅದು ಪಾಸ್‌ಬುಕ್ಕಿನ್ಯಾಗ ಕಾಣಂಗಿಲ್ಲ. ಅವರ ಕಡಿಂದ ಸಾಲದ ಸ್ಟೇಟ್‌ಮೆಂಟ್ ತಗೋರಿ, ಆಮ್ಯಾಲೆ ಗೊತ್ತಾಗತೈತಿ.

ಮಂದಿ ತಪ್ಪೋದು ಎರಡು ಕಡೆ.

ಮೊದಲನೇದು ಹೊತ್ತು. 5ನೇ ತಾರೀಕು ಮಧ್ಯಾಹ್ನ ಬ್ಯಾಂಕಿಗೆ ಹೋಗಿ ರೊಕ್ಕ ತುಂಬಿದ್ರ ಆಗಂಗಿಲ್ಲ. ಕಂತು ಎಳಕೊಳ್ಳೋ ಕೆಲಸ ಬ್ಯಾಂಕಿನ್ಯಾಗ ಮುಂಜಾನೆನ ಮುಗದಿರತೈತಿ. 4ನೇ ತಾರೀಕು ಸಂಜಿ ಒಳಗ ಖಾತೆದಾಗ ರೊಕ್ಕ ಇರಬೇಕು. ಬರೋಬ್ಬರಿ 1,150 ಇಟ್ರೂ ಸಾಲಂಗಿಲ್ಲ. ಹಿಂದಿಂದು ಏನರ ಬಾಕಿ ಶುಲ್ಕ ಇತ್ತಂದ್ರ ರೊಕ್ಕ ಬಿದ್ದ ಕೂಡ್ಲೇ ಬ್ಯಾಂಕು ಮೊದಲ ತನ್ನದು ಹಿಡಕೋತೈತಿ, ಉಳಿದದ್ದರಾಗ ಕಂತಿಗೆ 17 ರೂಪಾಯಿ ಕಡಿಮಿ ಬಿದ್ದು ಮತ್ತ 295. ಅದಕ್ಕ 1,500 ಇಡ್ರಿ.

ಎರಡನೇದು ರಜಾ. 5ಕ್ಕ ಐತವಾರ ಬಂದ್ರ ಸೋಮವಾರ ಹೋಗತೈತಿ ಅಂತ ಇನ್ನೂ ಭಾಳ ಮಂದಿ ತಿಳಕೊಂಡಾರ. 2021ರ ಆಗಸ್ಟ್ 1ರಿಂದ ಈ ಕಂತು ಎಳಕೊಳ್ಳೋ ವ್ಯವಸ್ಥಾ ವಾರದ ಏಳೂ ದಿನ ನಡೀತೈತಿ. ಐತವಾರನೂ ಹೋಗತೈತಿ, ಹಬ್ಬದ ದಿನಾನೂ ಹೋಗತೈತಿ.

ಇದಕ್ಕ ಖಾಯಂ ಮದ್ದು ಏನಂದ್ರ ಸಾಲದ ಕಂಪನಿಗೆ ಹೇಳಿ ಕಂತಿನ ತಾರೀಕು ಬದಲಿ ಮಾಡಸ್ರಿ, ಇಲ್ಲಾ ಕಂತಿನ ಮ್ಯಾಂಡೇಟ್ ನಿಮ್ಮ ಖಾತೆಗೆ ಹಾಕಿಸ್ಕೋರಿ. ಗೃಹಲಕ್ಷ್ಮಿ ರೊಕ್ಕಕ್ಕ ತಾರೀಕಿನ ಖಾತ್ರಿ ಇಲ್ಲ, ಒಮ್ಮೆ ಬರತೈತಿ, ಒಮ್ಮೆ ತಡಾ ಆಗತೈತಿ. ಅದನ್ನ ನಂಬಿ 5ನೇ ತಾರೀಕಿಗೆ ಕಂತು ಕಟ್ಟಬ್ಯಾಡ್ರಿ.

ಫ್ರಿಜ್ ಸಾಲ ತೀರಿದ ಮ್ಯಾಲೆ ಮರೀಬ್ಯಾಡ್ರಿ, ಮ್ಯಾಂಡೇಟ್ ತಾನಾಗೇ ಸಾಯಂಗಿಲ್ಲ. ಅದರ ಅವಧಿ ಮುಂದಿನ ತನಕ ಇದ್ರ ಜೀವಂತ ಇರತೈತಿ. ಪ್ರತಿಯೊಂದಕ್ಕೂ 20 ಅಕ್ಷರ-ಅಂಕಿಯ ಯುಎಂಆರ್‌ಎನ್ ನಂಬರ್ ಅಂತ ಇರತೈತಿ, ಅದನ್ನ ಬರದು ಶಾಖೆಗೆ ರದ್ದು ಅರ್ಜಿ ಕೊಡ್ರಿ. ಸಾಲ ಬಾಕಿ ಇರೋ ಮುಂದ ಮಾತ್ರ ಹಂಗ ಮಾಡಬ್ಯಾಡ್ರಿ. ರೊಕ್ಕ ಇಲ್ಲದ್ದಕ್ಕ ಮ್ಯಾಂಡೇಟ್ ವಾಪಸಾದ್ರ 2007ರ ಪೇಮೆಂಟ್ ಅಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆ 25ನೇ ಕಲಮಿನ ಪ್ರಕಾರ ಚೆಕ್ ಬೌನ್ಸ್ ಹಂಗ ಕೇಸ್ ಹಾಕಾಕ ಬರತೈತಿ. ಸಣ್ಣ ಫ್ರಿಜ್ಜಿಗೆ ಯಾರೂ ಹಾಕಂಗಿಲ್ಲ ಬಿಡ್ರಿ, ಆದ್ರ ಸಿಬಿಲ್ (ಸಾಲ ತೀರಿಸೋ ನಡತೆಗೆ ಕೊಡೋ ಅಂಕ) ಅಂತೂ ಕೆಡತೈತಿ.

---

ತಟ್ಟೆಇಡ್ಲಿ_ತುಮಕೂರು

ಎಲ್ಲರಿಗೂ ಧನ್ಯವಾದ. ಖಡಕ್‌ರೊಟ್ಟಿ ಸರ್, ನೀವು ಹೇಳಿದ ಹಾಗೇ ಇದೆ, 295 ಬಿದ್ದಿರೋದು 5 ಮತ್ತು 9ನೇ ತಾರೀಕು. ಇನ್ನೂ ಮೂರು ಸಂಶಯ. ಅಮ್ಮ ತಿಂಗಳಿಗೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಎಟಿಎಂ ಮುಟ್ಟಲ್ಲ, ಹಾಗಿದ್ರೂ 27.14 ಯಾಕೆ? 23.60 ಬಿದ್ದಿರೋದು ಹಣ ಬಂದ ಮಾರನೇ ದಿನವೇ, ದುಡ್ಡಿದ್ದಾಗ "ದುಡ್ಡಿಲ್ಲ" ಅನ್ನೋ ಶುಲ್ಕ ಹೇಗೆ? ಮೂರನೇದು, ಈ ರಗಳೆಯೇ ಬೇಡ ಅಂತ ಖಾತೆ ಮುಚ್ಚಿ ಬೇರೆ ಕಡೆ ತೆರೆದರೆ ಹೇಗೆ?

---

ಕೂಡಿಸಿಕಳೆ

23.60ರ ಮೇಲಿನ ಸಾಲು ನೋಡಿ. ಅಲ್ಲಿ 17.70 ಇದ್ದೇ ಇರುತ್ತೆ ಅಂತ ನನ್ನ ಅಂದಾಜು.

ಖಾತೆ ಹೆಚ್ಚುಕಮ್ಮಿ ಬರಿದಾಗಿತ್ತು ಅಂತಿಟ್ಟುಕೊಳ್ಳಿ. ಎಸ್‌ಎಂಎಸ್ ಶುಲ್ಕ ಬಾಕಿ ನಿಂತಿತ್ತು. 2,000 ಬಂತು, ಬಂದ ತಕ್ಷಣ 17.70 ಹೋಯ್ತು, ಉಳಿದದ್ದು 1,982.30. ಅಮ್ಮ 2,000 ಬಂದಿದೆ ಅಂತ ಎಟಿಎಂನಲ್ಲಿ 2,000 ಒತ್ತಿದರು. ಯಂತ್ರ ಕೊಡಲಿಲ್ಲ. ಕೊಡದಿದ್ದಕ್ಕೆ 23.60. ಒಂದು ಶುಲ್ಕ ಇನ್ನೊಂದು ಶುಲ್ಕವನ್ನು ಹೆತ್ತಿದೆ. ಅದಕ್ಕೇ ಇಂಥ ಖಾತೆಯಿಂದ ತೆಗೆಯುವಾಗ 2,000ದ ಬದಲು 1,900 ಒತ್ತಬೇಕು, ಅಥವಾ ಬ್ಯಾಂಕಿನ ಮಿಸ್ಡ್ ಕಾಲ್ ನಂಬರಿಗೆ ಕೊಟ್ಟು ಬ್ಯಾಲೆನ್ಸ್ ತಿಳಿದುಕೊಂಡು ಹೋಗಬೇಕು. ಎಲ್ಲ ಬ್ಯಾಂಕೂ ಈ ಶುಲ್ಕ ಹಾಕಲ್ಲ, ಹಾಕುವವು ಬೇಕಾದಷ್ಟಿವೆ.

---

ಕೌಂಟರ್‌ನಂಬರ್3

27.14ಕ್ಕೆ ಉತ್ತರ. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ 5 ವ್ಯವಹಾರ ಉಚಿತ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಆರು ಮಹಾನಗರಗಳಲ್ಲಿ 3, ಉಳಿದ ಕಡೆ 5. ಆ ಆರರಲ್ಲಿ ಬೆಂಗಳೂರೂ ಒಂದು. ಇಲ್ಲಿ ಗಮನಿಸಬೇಕಾದ್ದು, ಖಾತೆ ಎಲ್ಲಿದೆ ಅನ್ನೋದಲ್ಲ, ಎಟಿಎಂ ಎಲ್ಲಿದೆ ಅನ್ನೋದು ಲೆಕ್ಕ. ತುಮಕೂರಿನ ಖಾತೆಯ ಕಾರ್ಡನ್ನು ಮೆಜೆಸ್ಟಿಕ್‌ನಲ್ಲಿ ಬೇರೆ ಬ್ಯಾಂಕಿನ ಯಂತ್ರಕ್ಕೆ ಹಾಕಿದರೆ 3ರ ಮಿತಿ.

ಇನ್ನೊಂದು, ವ್ಯವಹಾರ ಅಂದರೆ ಹಣ ತೆಗೆಯುವುದು ಮಾತ್ರವಲ್ಲ. ಬ್ಯಾಲೆನ್ಸ್ ನೋಡಿದ್ದು, ಮಿನಿ ಸ್ಟೇಟ್‌ಮೆಂಟ್ ತೆಗೆದದ್ದು, ಪಿನ್ ಬದಲಿಸಿದ್ದು ಎಲ್ಲವೂ ಬೇರೆ ಬ್ಯಾಂಕಿನ ಎಟಿಎಂನಲ್ಲಿ ಎಣಿಕೆಗೆ ಸೇರುತ್ತೆ. "ಗೃಹಲಕ್ಷ್ಮಿ ಬಂತಾ" ಅಂತ ಎರಡು ಸಲ ನೋಡಿ, ಮೂರನೇ ಸಲ ಸಾವಿರ, ನಾಲ್ಕನೇ ಸಲ ಉಳಿದ ಸಾವಿರ ತೆಗೆದರೆ ಬೆಂಗಳೂರಿನಲ್ಲಿ ಅಲ್ಲಿಗೇ ಮಿತಿ ದಾಟಿತು.

ಇದೇ ಮಾತಿಗೆ ಸೇರಿದ್ದು: ಯಂತ್ರದಿಂದ ಹಣ ಬರದೆ ಖಾತೆಯಲ್ಲಿ ಮಾತ್ರ ಕಡಿತವಾದರೆ ಅದು ಶುಲ್ಕವಲ್ಲ, ವಾಪಸ್ ಬರಬೇಕಾದ ಹಣ. ವ್ಯವಹಾರ ನಡೆದ ದಿನದಿಂದ 5 ದಿನದೊಳಗೆ ತಾನಾಗಿ ಜಮೆಯಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದಿದ್ದರೂ ಬ್ಯಾಂಕ್ ಹಾಕಬೇಕು. ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ತಲುಪದೆ ಸಿಕ್ಕಿಕೊಂಡರೆ ಮಾರನೇ ದಿನದೊಳಗೆ ವಾಪಸ್, ಅಂಗಡಿ ಪಾವತಿಯಾದರೆ 5 ದಿನ, ಪರಿಹಾರ ಅಷ್ಟೇ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮ. ಕೇಳದೆ ಹಾಕಬೇಕು ಅಂತ ನಿಯಮ ಹೇಳಿದರೂ ದಿನ ಎಣಿಸಿ ಕೇಳುವುದು ಒಳ್ಳೆಯದು.

ಖಾತೆ ಮುಚ್ಚುವ ಬಗ್ಗೆ: ಅವಸರ ಬೇಡ. ಗೃಹಲಕ್ಷ್ಮಿ ಹಣ ಖಾತೆ ನಂಬರ್ ನೋಡಿ ಬರುವುದಲ್ಲ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಬರುತ್ತೆ. ಮೊದಲು ಹೊಸ ಬ್ಯಾಂಕಿನಲ್ಲಿ ಆಧಾರ್ ಜೋಡಣೆ ಅರ್ಜಿ ಕೊಡಿ. ಬರೀ ಕೆವೈಸಿಗೆ (ಗುರುತು-ವಿಳಾಸದ ದಾಖಲೆಗೆ) ಆಧಾರ್ ಪ್ರತಿ ಕೊಟ್ಟರೆ ಸಾಲದು, ಡಿಬಿಟಿಗೆ (ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕೆ) ಜೋಡಿಸಿ ಅಂತ ಬೇರೆಯಾಗಿ ಒಪ್ಪಿಗೆ ಕೊಡಬೇಕು, ಹೆಚ್ಚಿನವರು ಎಡವೋದು ಇಲ್ಲಿ. ಆಧಾರ್‌ಗೆ ಕೊಟ್ಟ ಮೊಬೈಲ್ ಇದ್ದರೆ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ಕಾಣುತ್ತೆ. ಒಂದು ಕಂತು ಹೊಸ ಖಾತೆಗೆ ಬಂದದ್ದನ್ನು ಕಣ್ಣಾರೆ ನೋಡಿ, ಫ್ರಿಜ್ಜಿನ ಮ್ಯಾಂಡೇಟ್ ವರ್ಗಾಯಿಸಿ, ವಿಮೆಯನ್ನು ಹೊಸ ಕಡೆ ಮಾಡಿಸಿ, ಆಮೇಲೆ ಹಳೆಯದನ್ನು ಮುಚ್ಚಿ. ಖಾತೆ ತೆರೆದು ವರ್ಷ ತುಂಬಿದ್ದರೆ ಸಾಮಾನ್ಯವಾಗಿ ಮುಚ್ಚುವುದಕ್ಕೆ ಶುಲ್ಕ ಇರಲ್ಲ. ಮೊದಲ 14 ದಿನ ದಾಟಿ ವರ್ಷದೊಳಗಾದರೆ ಹಲವು ಕಡೆ 590 ಹಾಕ್ತಾರೆ.

ಇಷ್ಟೆಲ್ಲ ಓಡಾಟಕ್ಕಿಂತ ಇದೇ ಖಾತೆಯನ್ನು ಮೂಲ ಉಳಿತಾಯ ಖಾತೆಗೆ ಬದಲಾಯಿಸಿಕೊಡಿ ಅಂತ ಬರೆದುಕೊಡುವುದು ಸುಲಭ. ಶಾಖೆಯಲ್ಲಿ ಬಿಎಸ್‌ಬಿಡಿ ಅಂದರೆ ಅರ್ಥವಾಗುತ್ತೆ. ಜನಧನ್ ಕೂಡ ಇದೇ ಜಾತಿಯದು. ಕನಿಷ್ಠ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ. ಹಾಗಾಗಿ ಆ 236 ನಿಲ್ಲುತ್ತೆ. ಹಣ ತೆಗೆಯುವುದು ತಿಂಗಳಿಗೆ 4 ಸಲ ಉಚಿತ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ ಅನ್ನೋದೊಂದು ಷರತ್ತು. ಕೌಂಟರ್‌ನಲ್ಲಿ ಇದನ್ನು ತಾವಾಗಿ ಯಾರೂ ಹೇಳಲ್ಲ, ಕೇಳಬೇಕು.

---

ಖಾಲಿಜೇಬು

ಹಂಗಾದ್ರೆ 17.70 ಕೂಡ ನಿಲ್ಲಿಸಿ ಅಂತ ಬರೆದುಕೊಟ್ಟರೆ ಆಯ್ತಲ್ಲ? ಮತ್ತೆ ಕನಿಷ್ಠ ಬ್ಯಾಲೆನ್ಸ್ ದಂಡ ಇವರಿಗೆ ಯಾಕೆ ಬಿದ್ದಿಲ್ಲ?

---

ಕೌಂಟರ್‌ನಂಬರ್3

ಎಸ್‌ಎಂಎಸ್ ನಿಲ್ಲಿಸಬೇಡಿ. ಕಾರ್ಡ್, ಯುಪಿಐ, ಬೆರಳಚ್ಚಿನಿಂದ ಹಣ ಹೋದರೆ ಮೊದಲು ಗೊತ್ತಾಗುವುದು ಅದರಿಂದಲೇ. ವರ್ಷಕ್ಕೆ 70.80 ಅದಕ್ಕೆ ಹೆಚ್ಚಲ್ಲ. ಆದರೆ ಈ ಶುಲ್ಕ ನಿಜವಾಗಿ ಕಳಿಸಿದ ಸಂದೇಶದ ಲೆಕ್ಕಕ್ಕೆ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ತಿಂಗಳಿಗೆ ಮೂರೇ ವ್ಯವಹಾರ ನಡೆಯುವ ಖಾತೆಗೆ ಪೂರ್ತಿ 15 ಹೇಗೆ ಬಂತು ಅಂತ ಕೇಳಬಹುದು. ಕೇಳಿದವರಿಗೆ ಕಡಿಮೆ ಮಾಡಿಕೊಟ್ಟ ಶಾಖೆಗಳೂ ಇವೆ.

ಕನಿಷ್ಠ ಬ್ಯಾಲೆನ್ಸ್ ದಂಡವನ್ನು ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ತೆಗೆದುಹಾಕಿವೆ. ಇವರದೂ ಹಾಗೆ ತೆಗೆದ ಬ್ಯಾಂಕೇ ಇರಬೇಕು. ದಂಡ ಹಾಕುವ ಬ್ಯಾಂಕಾದರೂ ಮೊದಲು ತಿಳಿಸಿ ಒಂದು ತಿಂಗಳು ಸಮಯ ಕೊಡಬೇಕು, ಕೊರತೆ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಹಾಕಬೇಕು, ಬರೀ ಈ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು. ಮೈನಸ್ 354 ಅಂತ ತೋರಿಸಿ ಕಟ್ಟಿ ಅಂದರೆ ಈ ಮಾತು ನೆನಪಿಸಿ.

---

ಕಡಲಕರೆ

ಮಸುಕು ಮುದ್ರಣದ ಬಗ್ಗೆ ಯಾರೂ ಹೇಳ್ಲಿಲ್ಲ. ಬಹಳ ಸಮಯ ಎಂಟ್ರಿ ಹಾಕಿಸದಿದ್ದರೆ ಕೆಲವು ಕಡೆ ಹಳೆಯದ್ದನ್ನೆಲ್ಲ ಸೇರಿಸಿ ಒಂದೇ ಸಾಲು ಹೊಡೀತಾರೆ, ಇಂತಿಷ್ಟು ಜಮೆ, ಇಂತಿಷ್ಟು ಖರ್ಚು ಅಂತ. ಚಿಲ್ಲರೆ ಶುಲ್ಕವೆಲ್ಲ ಅದರೊಳಗೆ ಅಡಗಿ ಹೋಗ್ತದೆ. ಅಂಥ ಸಾಲು ಕಂಡರೆ ಆ ಅವಧಿಯ ಸ್ಟೇಟ್‌ಮೆಂಟ್ ಕೇಳಿ. ಬ್ಯಾಂಕಿನ ಆ್ಯಪ್ ಇದ್ದರೆ ಅದರಲ್ಲಿ ಪಿಡಿಎಫ್ ಆಗಿ ಸಿಗ್ತದೆ. ಪಾಸ್‌ಬುಕ್ಕಿನಲ್ಲಿ ಶುಲ್ಕ ಯಾತರದ್ದು ಅಂತ ಅರ್ಥವಾಗುವ ಹಾಗೆ ಬರೆಯಬೇಕು ಅಂತ ರಿಸರ್ವ್ ಬ್ಯಾಂಕ್ 2017ರ ಜೂನ್‌ನಲ್ಲಿ ಸುತ್ತೋಲೆ ಕಳಿಸಿದೆ, ಹಾಗಾಗಿ "ಸಿಸ್ಟಮ್ ಕಟ್ ಮಾಡಿತು" ಎಂಬುದು ಉತ್ತರ ಅಲ್ಲ.

ಮತ್ತೆ, 1.18ರಿಂದ ಭಾಗವೂ ಆಗದೆ, ವಿಮೆಯೂ ಅಲ್ಲದೆ, 1,000, 3,000, 10,000 ಹೀಗೆ ದುಂಡು ಮೊತ್ತ ಕಂಡು, ಪಕ್ಕದಲ್ಲಿ ಎಇಪಿಎಸ್ ಅಂತ ಇದ್ದರೆ ಅದು ಬೆರಳಚ್ಚು ಕೊಟ್ಟು ತೆಗೆದ ಹಣ. ಅಮ್ಮ ತೆಗೆದದ್ದಲ್ಲ ಅಂತಾದರೆ ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಬರೆದು ಕೊಡಿ. ನಿಮ್ಮ ತಪ್ಪಿಲ್ಲದೆ ಹೋದದ್ದಾದರೆ, 3 ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ. ತಡವಾದಷ್ಟೂ ಕಷ್ಟ. 2023ರಲ್ಲಿ ನಮ್ಮ ಮಂಗಳೂರು ಕಡೆ ಇಂಥದ್ದು ಸುಮಾರು ಆಯಿತು, ಆಸ್ತಿ ನೋಂದಣಿ ಪತ್ರದ ಬೆರಳಚ್ಚು ಕದ್ದು. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಅಂತ ಉಂಟು, ಹಾಕಿ ಇಡಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವ ದಿನ ಮಾತ್ರ ತೆಗೀಬೇಕಾಗ್ತದೆ, ಇಲ್ಲದಿದ್ದರೆ ಅಕ್ಕಿ ಸಿಗುದಿಲ್ಲ.

---

ಖಡಕ್‌ರೊಟ್ಟಿ

ಅರ್ಜಿ ಹೆಂಗ ಬರೀಬೇಕು ಅಂತ ಕೇಳೋ ಮೊದಲ ಹೇಳಿಬಿಡ್ತೀನಿ. ಬಿಳಿ ಹಾಳಿ ಎರಡು ಪ್ರತಿ. ಕನ್ನಡದಾಗ ಬರೀರಿ, ತಗೋಬೇಕು. ಮ್ಯಾಲೆ ಶಾಖಾ ವ್ಯವಸ್ಥಾಪಕರಿಗೆ ಅಂತ, ಕೆಳಗ ಖಾತೆ ನಂಬರು. ಒಳಗ ಸಿಟ್ಟು, ಕಥಿ ಏನೂ ಬ್ಯಾಡ. ತಾರೀಕು, ಮೊತ್ತ, ಏನು ಬೇಕು, ಇಷ್ಟ.

"ಮಾರ್ಚ್ ಇಂಥ ತಾರೀಕಿನ 114ರ ವಿಮಾ ಒಪ್ಪಿಗೆ ಪತ್ರದ ಪ್ರತಿ ಕೊಡಬೇಕು. ಖಾತೆಯನ್ನು ಬಿಎಸ್‌ಬಿಡಿಗೆ ಬದಲಾಯಿಸಬೇಕು. ಈ ಖಾತೆಯಲ್ಲಿ ಚಾಲ್ತಿ ಇರುವ ಮ್ಯಾಂಡೇಟ್‌ಗಳ ಪಟ್ಟಿ ಕೊಡಬೇಕು."

ಎರಡನೇ ಪ್ರತಿ ಮ್ಯಾಲೆ ಸೀಲು, ಸಹಿ, ತಾರೀಕು ಹಾಕಿಸ್ಕೋರಿ. ಸೀಲ್ ಇಲ್ಲದ ಅರ್ಜಿ ಕೊಟ್ಟಂಗೂ ಅಲ್ಲ, ಬಿಟ್ಟಂಗೂ ಅಲ್ಲ. 30 ದಿನದಾಗ ಉತ್ತರ ಬರಲಿಲ್ಲ, ಇಲ್ಲಾ ಬಂದ ಉತ್ತರ ಸಮ ಅನಸಲಿಲ್ಲ ಅಂದ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನಿಗೆ (ಬ್ಯಾಂಕಿನ ಮ್ಯಾಲಿನ ದೂರು ಕೇಳೋ ಅಧಿಕಾರಿಗೆ) ಸಿಎಂಎಸ್ ಅನ್ನೋ ದೂರಿನ ಪೋರ್ಟಲ್‌ದಾಗ ಹಾಕ್ರಿ, ರೊಕ್ಕ ಏನೂ ಕೊಡೋದಿಲ್ಲ. ಮಾಹಿತಿಗೆ 14448. ಬ್ಯಾಂಕಿಗೆ ಕೊಡದ ನೇರ ಅಲ್ಲಿ ಹಾಕಿದ್ರ ತಿರಸ್ಕಾರ ಆಗತೈತಿ, ಆ ಸೀಲ್ ಹಾಕಿದ ಪ್ರತಿ ಬೇಕಾಗೋದು ಅದಕ್ಕ.

295 ಎರಡೂ ವಾಪಸ್ ಬರೋದು ಕಷ್ಟ ಐತಿ, ಸುಳ್ಳು ಆಸೆ ಇಟ್ಕೋಬ್ಯಾಡ್ರಿ. ರೊಕ್ಕ ಇದ್ದಾಗೂ ವಾಪಸ್ ಮಾಡ್ಯಾರ ಅಂದ್ರ ಮಾತ್ರ ಕೇಳಾಕ ಹಕ್ಕು. ಮ್ಯಾನೇಜರ್ ಮನಸ್ಸು ಮಾಡಿದ್ರ ಒಂದು ಬಿಡಬಹುದು, ನಯವಾಗಿ ಕೇಳಿ ನೋಡ್ರಿ.

---

ತಟ್ಟೆಇಡ್ಲಿ_ತುಮಕೂರು

23.60ರ ಮೇಲಿನ ಸಾಲು ನೋಡಿದೆ, 17.70ನೇ ಇದೆ. ಎರಡು ಅರ್ಜಿ ಬರೆದಿಟ್ಟಿದ್ದೀನಿ, ಒಂದು ಬ್ಯಾಂಕಿಗೆ, ಒಂದು ಫ್ರಿಜ್ ಸಾಲದವರಿಗೆ ತಾರೀಕು ಬದಲಾಯಿಸೋಕೆ. ವಿಮೆ ಮುಂದುವರಿಸ್ತೀವಿ, ನಾಮಿನಿ ಯಾರು ಅಂತ ಅಮ್ಮನಿಗೂ ನೆನಪಿಲ್ಲ. ನಾಡಿದ್ದು 28, ಶನಿವಾರ, ಅಮ್ಮನನ್ನೂ ಕರ್ಕೊಂಡು ಹೋಗ್ತೀನಿ.

---

ಕೌಂಟರ್‌ನಂಬರ್3

28 ನಾಲ್ಕನೇ ಶನಿವಾರ, ಬಾಗಿಲು ಹಾಕಿರುತ್ತೆ. ಎರಡನೇದು, ನಾಲ್ಕನೇದು ರಜೆ. ಮುಂದಿನ ತಿಂಗಳ ಮೊದಲ ವಾರ ಪಿಂಚಣಿಯವರ ಸಾಲು, ಅದೂ ಬೇಡ. 10ನೇ ತಾರೀಕು ದಾಟಿದ ಮೇಲೆ ಯಾವುದಾದರೂ ಮಂಗಳವಾರ ಅಥವಾ ಬುಧವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಅಮ್ಮನ ಆಧಾರ್, ಪ್ಯಾನ್ ಎರಡರದೂ ಮೂಲ ಪ್ರತಿ ಮತ್ತು ಜೆರಾಕ್ಸ್, ಒಂದು ಫೋಟೋ, ಪಾಸ್‌ಬುಕ್ ಇಟ್ಟುಕೊಳ್ಳಿ. ಖಾತೆ ಬದಲಾಯಿಸುವಾಗ ಕೆವೈಸಿ ಮತ್ತೆ ಕೇಳೇ ಕೇಳ್ತಾರೆ.